ಪೆನ್ಸಿಲ್ವೇನಿಯದ ಜರ್ಮನರ ಪಂಚಾಂಗ

1683ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದಲ್ಲಿ ಜರ್ಮನ್‌ಟೌನ್ ಎಂಬ ಊರು ನೆಲೆಗೊಂಡಿತು. ಅನಂತರದ ನೂರು ವರ್ಷಗಳಲ್ಲಿ ಮತಪೀಡೆಯಿಂದಲೂ ದಾರಿದ್ರ್ಯದಿಂದಲೂ ನೊಂದ ಜರ್ಮನ್ ಮನೆತನಗಳು ಸಾವಿರಗಟ್ಟಲೆಯಾಗಿ ಆ ಪ್ರಾಂತಕ್ಕೆ ವಲಸೆ ಬಂದವು. ಲೂಥರನ ಅನುಯಾಯಿಗಳು, ಮೆನೊನೈಟರು, ಆಮಿಶರು, ಪ್ರಾಯ ಬಂದವರಿಗೆ ಮಾತ್ರ ಸ್ನಾನದೀಕ್ಷೆ ಸಲ್ಲುವುದೆಂದು ಹಠ ಹಿಡಿದ ಡಂಕರರು, ಹೀಗೆ ಪಂಗಡಗಳು ಹಲವು. ಒಬ್ಬರ ಆರಾಧನೆ ಇನ್ನೊಬ್ಬರಿಗೆ ಒಗ್ಗದು. ಪಂಚಾಂಗವು ಮಾತ್ರ ಎಲ್ಲರಿಗೂ ಬೇಕು.

ಈ ಕೊರತೆಯನ್ನು ಕಂಡು ಕ್ರಿಸ್ಟೋಫ್ ಸಾವರನು 1738ರಲ್ಲಿ ಜರ್ಮನ್‌ಟೌನಿನಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿ, 1739ನೆಯ ವರ್ಷದ ಜರ್ಮನ್ ಪಂಚಾಂಗವನ್ನು ಹೊರಡಿಸಿದನು. ಆಮಿಶರು ಇಂದಿಗೂ ಹಾಡುವ ಸ್ತೋತ್ರಗ್ರಂಥವನ್ನು ಅವನು ಅಚ್ಚುಮಾಡಿದುದು 1742ರಲ್ಲಿ, ಬೈಬಲನ್ನು 1743ರಲ್ಲಿ. ಪಂಚಾಂಗವೇ ಮುಂದೆ, ವೇದವು ಹಿಂದೆ! ಇಂತಹ ಜರ್ಮನ್ ಪಂಚಾಂಗಗಳಲ್ಲಿ ಹಬ್ಬಗಳ ಪಕ್ಕದಲ್ಲಿಯೇ ಚಂದ್ರನ ರಾಶಿಗಳೂ ಇರುತ್ತಿದ್ದವು. ಅವನ್ನು ನೋಡಿ ರೈತರು ಬಿತ್ತುತ್ತಿದ್ದರು. ನಮ್ಮ ಒಕ್ಕಲಿಗೆ ಇದರಲ್ಲಿ ಹೊಸತೇನೂ ಕಾಣದು.

ಸಂತರ ಆರಾಧನೆಯನ್ನು ಬಿಟ್ಟ ಆಮಿಶರ ನಡವಳಿಕೆ ಇನ್ನೂ ಕುತೂಹಲಕರವಾದುದು. ಲ್ಯಾಂಕಾಸ್ಟರ್ ಸೀಮೆಯಲ್ಲಿ ಅವರು ಅಕ್ಟೋಬರ್ 11ರಂದು ಉಪವಾಸವಿರುತ್ತಾರೆ. ಅದಕ್ಕೆ ಅವರಲ್ಲಿ ಸಂತ ಮೈಕೇಲನ ದಿನವೆಂದೇ ಹೆಸರು. ಜನವರಿ 6 ಅವರಿಗೆ ‘ಹಳೆಯ ಕ್ರಿಸ್ಮಸ್’. ಪ್ರಚಲಿತವಾದ ಗಣನೆಯಲ್ಲಿ ಈ ಹಬ್ಬಗಳು ಸೆಪ್ಟೆಂಬರ್ 29 ಮತ್ತು ಡಿಸೆಂಬರ್ 25ರಂದು ಬರುತ್ತವೆ. ಎರಡು ಕಡೆಯೂ ಅಂತರ ಸರಿಯಾಗಿ 12 ದಿನ. ಇಂಗ್ಲಿಷ್ ಸರಕಾರವು 1752ರಲ್ಲಿ ಹಳೆಯ ಗಣನೆಯನ್ನು ಕೈಬಿಟ್ಟಿತು. ಹೊಸದಕ್ಕೂ ಅದಕ್ಕೂ ಹತ್ತೊಂಬತ್ತನೆಯ ಶತಮಾನದಲ್ಲಿದ್ದ ಅಂತರವೂ ಅಷ್ಟೇ. ಜನವರಿ 6 ಮೂವರು ಜ್ಞಾನಿಗಳ ಹಬ್ಬವೂ ಆಗಿರುವುದು ದಿಟ. ಆದರೂ ಎರಡು ಲೆಕ್ಕಗಳು ಹೀಗೆ ಕೂಡಿಬಂದುದು ಬರಿಯ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಸಂತನನ್ನು ಬಿಟ್ಟವರೂ ಅವನ ತಿಥಿಯನ್ನು ಬಿಡಲಿಲ್ಲ.

ಸಾವರನ ಮಗನು ಯುದ್ಧವಿರೋಧಿಯಾದ ಡಂಕರ ಗುರು. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ, 1778ರಲ್ಲಿ, ಅವನ ಆಸ್ತಿಯೆಲ್ಲ ಮುಟ್ಟುಗೋಲಾಯಿತು. ಆದರೆ ಬೇರೆ ಮುದ್ರಕರು ಜರ್ಮನ್ ಪಂಚಾಂಗದ ಕೆಲಸವನ್ನು ಮುಂದುವರಿಸಿದರು. ಒಹಾಯೊ ಪ್ರಾಂತದ ಬಾಲ್ಟಿಕ್ ಎಂಬ ಊರಿನಿಂದ 1930ರಲ್ಲಿ ಆಮಿಶರಿಗಾಗಿಯೇ ಒಂದು ಪಂಚಾಂಗವು ಹೊರಟಿತು. ಇವರಲ್ಲಿ ದೇವಾಲಯದ ಕಟ್ಟಡವಿಲ್ಲ. ಎರಡು ವಾರಗಳಿಗೊಮ್ಮೆ, ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸಭೆ ಸೇರುವುದು ಪದ್ಧತಿ. ಆದುದರಿಂದ ಆಯಾ ಭಾನುವಾರ ಓದತಕ್ಕ ವೇದಭಾಗವನ್ನೂ, ಊರೂರಿನ ಸಭೆಗಳ ಗುರುಗಳ ಹೆಸರುಗಳನ್ನೂ ಈ ಪುಸ್ತಿಕೆಯೇ ತಿಳಿಸುತ್ತದೆ. ಚದರಿಹೋದ ಆ ಜನರು ಒಂದೆಡೆ ಕೂಡಿ ಕಾಣಿಸುವುದು ಅದರ ಪುಟಗಳಲ್ಲಿ. 1970ರಿಂದ ಅದರ ಇಂಗ್ಲಿಷ್ ಆವೃತ್ತಿಯೂ ಬರುತ್ತಿದೆ.