ರಕ್ತನಾಳದ ಉರಿಯೂತ: ಚಿಕಿತ್ಸಾ ಪ್ರಯೋಗಗಳ ಇತಿಹಾಸ

ದೇಹದ ರೋಗನಿರೋಧಕ ವ್ಯವಸ್ಥೆಯೇ ರಕ್ತನಾಳಗಳ ಭಿತ್ತಿಯ ಮೇಲೆರಗಿ, ಆ ನಾಳಗಳನ್ನು ನೆಚ್ಚಿಕೊಂಡ ಮೂತ್ರಪಿಂಡ, ಶ್ವಾಸಕೋಶ, ನರ ಮೊದಲಾದವನ್ನು ಕೆಡಿಸುವ ರೋಗಗಳ ಗುಂಪಿಗೆ ವ್ಯಾಸ್ಕುಲೈಟಿಸ್ ಎಂದು ಹೆಸರು. ಇವುಗಳಲ್ಲಿ ಚಿಕ್ಕ ನಾಳಗಳನ್ನು ಬಾಧಿಸುವ, ಬಿಳಿ ರಕ್ತಕಣಗಳ ವಿರುದ್ಧವೇ ಹುಟ್ಟುವ 'ಆಂಕಾ' ಎಂಬ ಪ್ರತಿಕಾಯಗಳೊಂದಿಗೆ ಕಾಣಿಸಿಕೊಳ್ಳುವ ಬಗೆಯ ಮೇಲೆ ನಡೆದ ಪ್ರಯೋಗಗಳು ವೈದ್ಯಕೀಯ ಚರಿತ್ರೆಯಲ್ಲಿ ವಿಶೇಷವಾಗಿ ಗಮನಾರ್ಹವಾಗಿವೆ.

ಈ ಬಗೆಗೆ ಸೇರಿದ, ಹಿಂದೆ ವೆಗೆನರ್ ಕಾಯಿಲೆ ಎನ್ನಲಾಗುತ್ತಿದ್ದ ರೋಗಕ್ಕೆ ತುತ್ತಾದವರು ಚಿಕಿತ್ಸೆಯಿಲ್ಲದೆ ಸರಾಸರಿ ಐದು ತಿಂಗಳು ಮಾತ್ರ ಬದುಕುತ್ತಿದ್ದರೆಂದು 1958ರ ಸಮೀಕ್ಷೆಯೊಂದು ದಾಖಲಿಸಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಆಂಥನಿ ಫೌಚಿ ಮತ್ತು ಶೆಲ್ಡನ್ ವುಲ್ಫ್ ಅವರು ಸ್ಟೀರಾಯ್ಡ್ ಜೊತೆಗೆ ಸೈಕ್ಲೋಫಾಸ್ಫಮೈಡ್ ಎಂಬ ಕ್ಯಾನ್ಸರ್ ಔಷಧವನ್ನು ಕೊಟ್ಟು ನೋಡಿದಾಗ, 1983ರ ವರದಿಯಂತೆ 85 ರೋಗಿಗಳಲ್ಲಿ ಶೇ. 93ರಷ್ಟು ಮಂದಿಯಲ್ಲಿ ರೋಗ ಪೂರ್ಣವಾಗಿ ಶಮನಗೊಂಡಿತು. ಆದರೆ ಉಳಿದ ಜೀವಕ್ಕೆ ತೆತ್ತ ಬೆಲೆ ದೊಡ್ಡದಿತ್ತು: ಮೂತ್ರಕೋಶದ ಕ್ಯಾನ್ಸರ್, ಬಂಜೆತನ ಮತ್ತು ಗಂಭೀರ ಸೋಂಕುಗಳನ್ನು 158 ರೋಗಿಗಳ ಕುರಿತ 1992ರ ವರದಿ ವಿವರವಾಗಿ ದಾಖಲಿಸಿತು. ಅಲ್ಲಿಂದ ಮುಂದೆ ಸಂಶೋಧಕರ ಮುಖ್ಯ ಪ್ರಶ್ನೆ, ರೋಗವನ್ನು ಹಿಡಿತದಲ್ಲಿಡುತ್ತಲೇ ವಿಷಕಾರಕ ಔಷಧವನ್ನು ಎಷ್ಟು ಕಡಿಮೆ ಮಾಡಬಹುದು ಎಂಬುದಾಯಿತು.

ರೋಗ ವಿರಳವಾದ್ದರಿಂದ ಒಂದೇ ಆಸ್ಪತ್ರೆಯಲ್ಲಿ ಸಾಕಷ್ಟು ರೋಗಿಗಳು ಸಿಗುತ್ತಿರಲಿಲ್ಲ. ಹೀಗಾಗಿ ಯುರೋಪಿನ ಹಲವು ದೇಶಗಳು ಒಗ್ಗೂಡಿ, ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಯಾದೃಚ್ಛಿಕ ಪ್ರಯೋಗಗಳನ್ನು ನಡೆಸಿದವು. ಉಪಶಮನದ ನಂತರ ಸೈಕ್ಲೋಫಾಸ್ಫಮೈಡ್ ನಿಲ್ಲಿಸಿ ಸೌಮ್ಯವಾದ ಅಜಥಿಯೋಪ್ರಿನ್ ಕೊಟ್ಟರೂ ರೋಗದ ಮರುಕಳಿಕೆ ಹೆಚ್ಚುವುದಿಲ್ಲವೆಂದು ಅಂಥ ಒಂದು ಪ್ರಯೋಗ 2003ರಲ್ಲಿ ತೋರಿಸಿತು. ಎರಡು ವರ್ಷಗಳ ಬಳಿಕ, ಉರಿಯೂತದ ಸಂಕೇತವನ್ನು ತಡೆಯುವ ಎಟನರ್ಸೆಪ್ಟ್ ಎಂಬ ಔಷಧವು ಉಪಶಮನವನ್ನು ಕಾಯ್ದುಕೊಳ್ಳುವಲ್ಲಿ ಪ್ರಯೋಗದಲ್ಲಿ ವಿಫಲವಾಯಿತು. ಭರವಸೆ ಹುಟ್ಟಿಸಿದ್ದ ಔಷಧವೊಂದು ನಿರುಪಯುಕ್ತವೆಂದು ತಿಳಿದದ್ದೂ ರೋಗಿಗಳಿಗೆ ಆದ ಉಪಕಾರವೇ ಸರಿ. 2010ರಲ್ಲಿ 197 ರೋಗಿಗಳ ಪ್ರಯೋಗದಲ್ಲಿ, ಪ್ರತಿಕಾಯಗಳ ಮೂಲವಾದ ಬಿ ಜೀವಕೋಶಗಳನ್ನು ನಾಶಪಡಿಸುವ ರಿಟುಕ್ಸಿಮ್ಯಾಬ್ ಸೈಕ್ಲೋಫಾಸ್ಫಮೈಡ್‌ಗೆ ಸರಿಸಮವೆನಿಸಿತು.

ಬಳಿಕ ಗಮನ ಸ್ಟೀರಾಯ್ಡ್‌ನತ್ತ ಹೊರಳಿತು. 704 ರೋಗಿಗಳನ್ನು ಒಳಗೊಂಡ ಪೆಕ್ಸಿವಾಸ್ ಪ್ರಯೋಗ (2020), ರಕ್ತದ ಪ್ಲಾಸ್ಮಾವನ್ನು ತೆಗೆದು ಬದಲಿಸುವ ದುಬಾರಿ ವಿಧಾನವು ಸಾವನ್ನಾಗಲೀ ಮೂತ್ರಪಿಂಡ ವೈಫಲ್ಯವನ್ನಾಗಲೀ ತಗ್ಗಿಸುವುದಿಲ್ಲವೆಂದೂ, ಸ್ಟೀರಾಯ್ಡ್ ಪ್ರಮಾಣವನ್ನು ಗಣನೀಯವಾಗಿ ಇಳಿಸಿದರೆ ಫಲಿತಾಂಶ ಕೆಡದೆ ಮೊದಲ ವರ್ಷದ ಗಂಭೀರ ಸೋಂಕುಗಳು ಕಡಿಮೆಯಾಗುತ್ತವೆಂದೂ ಕಂಡುಕೊಂಡಿತು. 2021ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಅವಕೋಪಾನ್ ಎಂಬ ಮಾತ್ರೆ ಪಡೆದವರ ಪೈಕಿ ಶೇ. 65.7ರಷ್ಟು ಮಂದಿ, ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಪಡೆದವರ ಪೈಕಿ ಶೇ. 54.9ರಷ್ಟು ಮಂದಿ 52ನೇ ವಾರದಲ್ಲೂ ಉಪಶಮನದಲ್ಲಿ ಉಳಿದಿದ್ದರು.