ಗೊಮ್ಮಟನ ಪಾದದ ಬಳಿ ಮರಾಠಿ

ದೀಪಾವಳಿ ರಜೆಗೆ ಕಾಮೋಠೆಯಿಂದ ಊರಿಗೆ ಹೋದವರು ಶ್ರವಣಬೆಳಗೊಳಕ್ಕೂ ಹೋಗಿಬಂದೆವು. ಎಂಟನೆಯ ತರಗತಿಯ ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ. ಭಾನುವಾರ ಅಕ್ಷರ ಕಲಿಸುತ್ತೇನೆಂದು ನಾನು ಹೇಳುತ್ತ ಬಂದು ಆರು ವರ್ಷವಾಯಿತು. ಪ್ರಾಜೆಕ್ಟಿನ ಡೆಡ್‌ಲೈನುಗಳಿಗೆ ಭಾನುವಾರವೆಂಬುದಿಲ್ಲ.

ವಿಂಧ್ಯಗಿರಿಯಲ್ಲಿ ಬಂಡೆಯಲ್ಲೇ ಕಡಿದ ಸುಮಾರು 650 ಮೆಟ್ಟಿಲುಗಳು. ಬರಿಗಾಲಲ್ಲಿ ಹತ್ತಬೇಕು. ಮೇಲೆ 58 ಅಡಿಯ ಬಾಹುಬಲಿ. ಗಂಗ ದೊರೆ ನಾಲ್ಕನೆಯ ರಾಚಮಲ್ಲನ ಮಂತ್ರಿ ಚಾವುಂಡರಾಯ ಸುಮಾರು 981ರಲ್ಲಿ ಮಾಡಿಸಿದ್ದು. ಬೆಟ್ಟದ ನೆತ್ತಿಯ ಬಂಡೆಯನ್ನೇ ಕಡಿದು ಮೂರ್ತಿಯಾಗಿಸಿದ್ದಾರೆ. ತೊಡೆಯಿಂದ ಮೇಲಕ್ಕೆ ಅದಕ್ಕೆ ಯಾವ ಆಸರೆಯೂ ಇಲ್ಲ.

ನಾನು ಮುಖ ನೋಡುತ್ತಿದ್ದೆ. ಮಗಳು ಪಾದದ ಪಕ್ಕದ ಕಲ್ಲನ್ನು ನೋಡುತ್ತಿದ್ದಳು. ಒಂದೊಂದೇ ಅಕ್ಷರ ಕೂಡಿಸಿ, "ಶ್ರೀ ಚಾವುಂಡರಾಜೇಂ ಕರವಿಯಲೇಂ" ಎಂದಳು. "ಪಪ್ಪಾ, ಇದು ಮರಾಠಿ ಅಲ್ವಾ? ಇಲ್ಲಿ ಯಾಕಿದೆ?"

ಚಾವುಂಡರಾಯ ಮಾಡಿಸಿದನೆಂಬ ಅದೇ ಮಾತು ಅಲ್ಲಿ ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಇದೆ. ಸುತ್ತಾಲಯವನ್ನು ಗಂಗರಾಜ ಮಾಡಿಸಿದನೆಂಬ ಸಾಲೂ ಮರಾಠಿಯಲ್ಲುಂಟು. ಆತ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ, 12ನೆಯ ಶತಮಾನದವನು. ಹಾಗಾಗಿ ಮರಾಠಿ ಸಾಲುಗಳೆರಡೂ ಆ ಕಾಲದವೇ ಎನ್ನುವ ವಿದ್ವಾಂಸರಿದ್ದಾರೆ. ಮರಾಠಿಯ ಮೊದಲ ಶಾಸನ ಇದೇ ಎಂಬ ಮಾತು ಬಹುಕಾಲ ನಡೆಯಿತು. ಈಗ ಹಲವರು ಆ ಪಟ್ಟವನ್ನು ಶಕ 934ರ, ಅಂದರೆ 1012ರ, ಅಕ್ಷಿ ಶಾಸನಕ್ಕೆ ಕೊಡುತ್ತಾರೆ. ಅಕ್ಷಿ ಇರುವುದು ಅಲಿಬಾಗದ ಹತ್ತಿರ, ನಮ್ಮ ಕಾಮೋಠೆಯ ರಾಯಗಡ ಜಿಲ್ಲೆಯಲ್ಲೇ!

ದೂರದಿಂದ ಬಂದವರೂ ಓದಲಿ ಎಂದೇ ಮೂರು ಭಾಷೆಯಲ್ಲಿ ಬರೆಸಿರಬೇಕು ಎಂದೆ. ಸಾವಿರ ವರ್ಷದ ಹಿಂದೆಯೂ ಘಟ್ಟದ ಆಚೆಯವರು ಈ ಬೆಟ್ಟ ಹತ್ತುತ್ತಿದ್ದರು, ನಾವೇ ಮೊದಲಿಗರಲ್ಲ ಎಂದೂ ಸೇರಿಸಿದೆ.

"ಸರಿ, ಕನ್ನಡದ್ದು ಎಲ್ಲಿ? ಓದು."

ಇನ್ನೊಂದು ಪಕ್ಕಕ್ಕೆ ಕರೆದೊಯ್ದು, "ಶ್ರೀ ಚಾವುಂಡರಾಜಂ ಮಾಡಿಸಿದಂ" ಎಂದೆ. ಅವಳು ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. "ನೀನು ಓದಲಿಲ್ಲ ಪಪ್ಪಾ, ಬಾಯಿಪಾಠ ಹೇಳಿದೆ."

ನಿಜ. ಶಾಲೆಯಲ್ಲಿ ಕಲಿತ ಸಾಲು ಅದು. ಹತ್ತನೆಯ ಶತಮಾನದ ಕನ್ನಡ ಲಿಪಿ ನನಗೆ ಬಾರದು. ನನ್ನ ಭಾಷೆಯ ಕಲ್ಲಿನ ಮುಂದೆ ನಾನು ನಿರಕ್ಷರಿ. ನಾನು ಕನ್ನಡ ಕಲಿಸದ ಮಗಳು ಪಕ್ಕದ ಸಾಲನ್ನು ಓದಿದ್ದಳು.

ಇಳಿಯುವಾಗ ಇಬ್ಬರಿಗೂ ಒಪ್ಪಂದವಾಯಿತು. ಅವಳು ಅಆಇಈ, ನಾನು ಹಳೆಯ ಲಿಪಿ. ಮೊನ್ನೆಯದು ಮೂರನೆಯ ಭಾನುವಾರ. ಅವಳಿಗೆ 'ಚಾ' ಬಂದಿದೆ, 'ವುಂ' ಇನ್ನೂ ತಪ್ಪುತ್ತದೆ. ನನಗಿಂತ ಅವಳೇ ಮುಂದಿದ್ದಾಳೆ.