ಕೈ ತೊಳೆಯಲು ಒಪ್ಪದ ಡಾಕ್ಟರುಗಳು

1840ರ ದಶಕದಲ್ಲಿ ವಿಯೆನ್ನಾದ ಜನರಲ್ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ಡಾಕ್ಟರುಗಳು ಮತ್ತು ಮೆಡಿಕಲ್ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ವಿಚಿತ್ರ ನೋಡಿ, ಓದಿದವರ ಕಡೆಯೇ ಬಾಣಂತಿಯರು ಜಾಸ್ತಿ ಸಾಯ್ತಿದ್ರು. 1846ರಲ್ಲಿ ಡಾಕ್ಟರುಗಳ ವಿಭಾಗದಲ್ಲಿ ನೂರಕ್ಕೆ 11ಕ್ಕೂ ಹೆಚ್ಚು, ಸೂಲಗಿತ್ತಿಯರ ಕಡೆ 3ಕ್ಕಿಂತ ಕಡಿಮೆ. ಈ ವಿಷಯ ಊರಿಗೆಲ್ಲ ಗೊತ್ತಿತ್ತು. ಮೊದಲನೇ ವಿಭಾಗಕ್ಕೆ ಹಾಕಬೇಡಿ ಅಂತ ಗರ್ಭಿಣಿಯರು ಮೊಣಕಾಲೂರಿ ಬೇಡ್ಕೊಳ್ತಿದ್ರು.

ಕಾರಣಗಳಿಗೇನೂ ಬರ ಇರಲಿಲ್ಲ. ಗಾಳಿ ಕೆಟ್ಟಿದೆ ಅಂದ್ರು. ಎರಡೂ ವಿಭಾಗಕ್ಕೆ ಇದ್ದದ್ದು ಒಂದೇ ಗಾಳಿ. ಜನ ಜಾಸ್ತಿ ಅಂದ್ರು. ಸೂಲಗಿತ್ತಿಯರ ಕಡೆಯೇ ನೂಕುನುಗ್ಗಲು ಹೆಚ್ಚಿತ್ತು. ಕೊನೆಗೆ ಒಂದು ಸಮಿತಿ ಕೂತು, ವಿದೇಶಿ ವಿದ್ಯಾರ್ಥಿಗಳು ಒರಟಾಗಿ ಪರೀಕ್ಷೆ ಮಾಡ್ತಾರೆ ಅಂತ ತೀರ್ಮಾನಿಸಿ ಅವರಲ್ಲಿ ಹೆಚ್ಚಿನವರನ್ನು ದೂರ ಇಟ್ಟಿತು. ಸಾವು ಸ್ವಲ್ಪ ದಿನ ಇಳಿದು ಮತ್ತೆ ಏರಿತು.

1847ರ ಮಾರ್ಚಿನಲ್ಲಿ ಕೊಲೆಟ್ಷ್ಕಾ ಎಂಬ ಪ್ರಾಧ್ಯಾಪಕರು ತೀರಿಕೊಂಡರು. ಹೆಣ ಕೊಯ್ಯುವಾಗ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಾಗಿತ್ತು. ಅವರ ಗೆಳೆಯ, ಅದೇ ಹೆರಿಗೆ ವಿಭಾಗದ ಡಾಕ್ಟರ್ ಇಗ್ನಾಜ್ ಸೆಮ್ಮೆಲ್‌ವೈಸ್ ಶವಪರೀಕ್ಷೆಯ ವರದಿ ಓದಿದಾಗ ಕಂಡದ್ದು ಬಾಣಂತಿಯರ ದೇಹದಲ್ಲಿ ಕಂಡಿದ್ದ ಲಕ್ಷಣಗಳೇ. ಡಾಕ್ಟರುಗಳು ಹೆಣದ ಕೋಣೆಯಿಂದ ನೇರ ಹೆರಿಗೆಗೆ ಬರ್ತಿದ್ರು. ಸಾವು ಅವರ ಕೈಯಲ್ಲೇ ಬರ್ತಿತ್ತು. ಮೇ ತಿಂಗಳಿಂದ ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಯೋದು ಕಡ್ಡಾಯವಾಯ್ತು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಬಂತು.

ಇಷ್ಟು ಸ್ಪಷ್ಟ ಡೇಟಾ ಇದ್ದ ಮೇಲೆ ಎಲ್ಲರೂ ಒಪ್ಪಬೇಕಿತ್ತಲ್ವಾ? ಹೆಚ್ಚಿನ ಹಿರಿಯರು ಒಪ್ಪಲಿಲ್ಲ. 1849ರಲ್ಲಿ ಸೆಮ್ಮೆಲ್‌ವೈಸ್ ಕೆಲಸವೂ ಹೋಯ್ತು.

ಇದೇ ವಿಯೆನ್ನಾದಲ್ಲಿ 1936ರಲ್ಲಿ ಅನ್ನಾ ಫ್ರಾಯ್ಡ್ ಮನಸ್ಸಿನ ರಕ್ಷಣಾ ತಂತ್ರಗಳ ಬಗ್ಗೆ ಪುಸ್ತಕ ಬರೆದರು. ಕಂಡದ್ದನ್ನು ಇಲ್ಲವೆನ್ನೋದು, ನೆಪ ಹೊಂದಿಸೋದು, ತನ್ನದನ್ನು ಇನ್ನೊಬ್ಬರ ತಲೆಗೆ ಕಟ್ಟೋದು ಇವಕ್ಕೆಲ್ಲ ಮನಶ್ಶಾಸ್ತ್ರದಲ್ಲಿ ಹೆಸರುಗಳಿವೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲು ಅಂತ ನಮ್ಮೂರ ಕಡೆ ಒಂದೇ ಮಾತಲ್ಲಿ ಮುಗಿಸ್ತಾರೆ.

ಆದರೆ ನಗೋ ಮೊದಲು ಜರ್ಮನಿಯ ಕೀಲ್ ಊರಿನ ಪ್ರಾಧ್ಯಾಪಕ ಮಿಖಾಯೆಲಿಸ್ ಕಥೆ ಕೇಳಿ. ವಿಯೆನ್ನಾದ ಸುದ್ದಿಯನ್ನು ನಂಬಿದ ಕೆಲವರಲ್ಲಿ ಅವರೊಬ್ಬರು. ಅವರೇ ಹೆರಿಗೆ ಮಾಡಿಸಿದ್ದ ಹತ್ತಿರದ ಸಂಬಂಧಿಯೊಬ್ಬಳು ಬಾಣಂತಿ ಜ್ವರದಿಂದ ಸತ್ತಿದ್ದಳು. ಆ ಸಾವು ತನ್ನ ಕೈಯಿಂದಲೇ ಆಯ್ತು ಅನ್ನೋದನ್ನು ತಾಳಲಾರದೆ 1848ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಉಳಿದವರ ಮನಸ್ಸು ಗೋಡೆ ಕಟ್ಟಿಕೊಂಡದ್ದು ಇಂಥ ಭಾರ ಮೈಮೇಲೆ ಬೀಳದಿರಲಿ ಅಂತಲೇ ಇರಬೇಕು. ಸೆಮ್ಮೆಲ್‌ವೈಸ್ ಮುಂದೆ ವಿರೋಧಿಗಳನ್ನು ಬಹಿರಂಗ ಪತ್ರಗಳಲ್ಲಿ ಕೊಲೆಗಾರರು ಅಂತ ಜರೆದರು. ಗೋಡೆ ಇನ್ನೂ ಗಟ್ಟಿಯಾಯ್ತು. 1865ರಲ್ಲಿ, 47ನೇ ವಯಸ್ಸಿಗೆ, ಹುಚ್ಚಾಸ್ಪತ್ರೆಯಲ್ಲಿ ಸತ್ತರು.

ಸರ್ವರ್ ಬಿದ್ದಾಗ ನಮ್ಮ ಐಟಿಯವರೂ ಪೋಸ್ಟ್‌ಮಾರ್ಟಮ್ ಅಂತ ಮೀಟಿಂಗ್ ಮಾಡ್ತೀವಿ. ಯಾರ ತಪ್ಪು ಅಂತ ಕೇಳಬಾರದು, ಏನಾಯ್ತು ಅಂತ ಕೇಳಬೇಕು ಅನ್ನೋದು ಅದರ ನಿಯಮ. ತುಂಬಾ ಜನಕ್ಕೆ ಅದು ಬರೀ ಮೆತ್ತಗಿನ ಮಾತು ಅನಿಸುತ್ತೆ. ವಿಯೆನ್ನಾದ ಲೆಕ್ಕ ನೋಡಿದರೆ ಹಾಗನಿಸಲ್ಲ. ನಿಜ ಒಪ್ಪಿಕೊಂಡವನಿಗೆ ನಾಳೆ ಬದುಕೋಕೆ ಜಾಗ ಇರಬೇಕು. ಇಲ್ಲದಿದ್ದರೆ ಅವನು ಒಪ್ಪಲ್ಲ, ಸಾಯೋರು ಸಾಯ್ತಾನೇ ಇರ್ತಾರೆ.